ಕೂತ ಬೋಲ್ಟು, ಮುರಿದ ಸ್ಟಡ್ಡು: ಹಳೇ ಗಾಡಿ ಬಿಚ್ಚುವವರಿಗೆ

ಪಾನಾ ಹಿಡಿಯುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ: ಉಳಿಯಬೇಕಾದ್ದು ಬೋಲ್ಟೋ, ಅದು ಕೂತಿರುವ ಜಾಗವೋ? ಮಡ್‌ಗಾರ್ಡ್, ಬಂಪರ್, ಪಟ್ಟಾದ ಯು-ಬೋಲ್ಟ್ ಥರ ಹಿಂದೆ ನಟ್ ಇರುವಂಥದ್ದು ಜಾಮ್ ಆಗಿ ಕೂತಿದ್ದರೆ ಅದರ ಜೊತೆ ಗುದ್ದಾಡಬೇಡಿ. ಗ್ರೈಂಡರ್‌ನಲ್ಲಿ ನಟ್ಟನ್ನು ಒಂದು ಕಡೆ ಸೀಳಿ, ಸೀಳಿದ ಜಾಗಕ್ಕೆ ಉಳಿ ಇಟ್ಟು ಹೊಡೆದರೆ ಬಾಯಿ ಬಿಡುತ್ತದೆ. ಹೊಸ ಬೋಲ್ಟು ಅಂಗಡಿಯಲ್ಲಿದೆ. ಎರಕದ ಬ್ಲಾಕ್, ಹೆಡ್, ಅಲ್ಯುಮಿನಿಯಂ ಕ್ರ್ಯಾಂಕ್‌ಕೇಸ್ ಒಳಗೆ ಕೂತ ಬೋಲ್ಟಿನ ಮಾತೇ ಬೇರೆ. ಅಲ್ಲಿ ಅವಸರ ಮಾಡಿದರೆ ಹಾಳಾಗುವುದು ಹುಡುಕಿದರೂ ಸಿಗದ ಎರಕ. ಮುಂದಿನದೆಲ್ಲ ಅದರ ಬಗ್ಗೆಯೇ.

ಗಾಡಿ ಎಲ್ಲಿ ದುಡಿದದ್ದು ಅಂತ ಕೇಳಿ. ಚಳ್ಳಕೆರೆ, ಹಿರಿಯೂರು ಕಡೆಯ ಒಣ ನೆಲದಲ್ಲೇ ಬಾಳಿದ ಜೀಪಿನಲ್ಲಿ ತುಕ್ಕಿಗಿಂತ ಒಣಗಿದ ಗ್ರೀಸು, ಧೂಳು ಹೆಚ್ಚು. ಉಜ್ಜಿ ತೊಳೆದರೆ ಎಷ್ಟೋ ಬೋಲ್ಟು ಅಷ್ಟಕ್ಕೇ ಬಿಡುತ್ತವೆ. ಮಲೇಬೆನ್ನೂರು ಕಡೆ ಭದ್ರಾ ನಾಲೆಯ ಗದ್ದೆ ಕೆಸರಲ್ಲಿ ತಿರುಗಿದ ಟ್ರ್ಯಾಕ್ಟರು, ಮಲೆನಾಡಿನಿಂದ ಬಂದ ಗಾಡಿ ಹಾಗಲ್ಲ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ತ್ರೆಡ್ಡಿನ ಸಂದೆಲ್ಲ ತುಂಬಿ ಬಿಗಿದುಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಕುಡಿದ ಎಂಜಿನ್ನಾದರೆ ಥರ್ಮೋಸ್ಟ್ಯಾಟ್ ಹೌಸಿಂಗಿನ ಬೋಲ್ಟುಗಳ ಮೇಲೆ ಮೊದಲೇ ಅನುಮಾನವಿರಲಿ. ಅಲ್ಯುಮಿನಿಯಮ್ಮಿನಲ್ಲಿ ಉಕ್ಕಿನ ಬೋಲ್ಟು ಕೂತಿದ್ದರೆ ಕಾಣುವುದು ಕೆಂಪು ತುಕ್ಕಲ್ಲ, ಬಿಳಿ ಪುಡಿ. ಹಿಡಿತ ಮಾತ್ರ ತುಕ್ಕಿಗಿಂತ ಕಡಿಮೆಯೇನಲ್ಲ.

ಇನ್ನು ಅಳತೆ. ಯೆಜ್ಡಿ, ಪದ್ಮಿನಿಯಲ್ಲಿ ಮಿಲಿಮೀಟರ್ ತ್ರೆಡ್ಡು. ಹಳೇ ಜೀಪು, ಅಂಬಾಸಿಡರಿನಲ್ಲಿ ಬಹುಪಾಲು ಇಂಚಿನದು. 5/16 ಇಂಚು ಯುಎನ್‌ಎಫ್ (ಇಂಚಿನ ಸಣ್ಣ ತ್ರೆಡ್ಡು) ಬೋಲ್ಟಿನ ತಲೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅದಕ್ಕೆ 13ರ ಪಾನಾ ಹಾಕಿದರೆ ಕೂರುತ್ತದೆ. ಸಡಿಲ ಬೋಲ್ಟಿಗೆ ನಡೆದೀತು, ಕೂತ ಬೋಲ್ಟಿನಲ್ಲಿ ಅದೇ 0.3 ಮಿ.ಮೀ. ಸಂದು ತಲೆಯನ್ನು ಉರುಟು ಮಾಡಿಬಿಡುತ್ತದೆ. ಸರಿಯಾದ ಅಳತೆಯ, ಆರು ಮೂಲೆಯ ಸಾಕೆಟ್ಟೇ ಇರಲಿ, ಹನ್ನೆರಡು ಮೂಲೆಯದು ಬೇಡ. ಹಳೇ ಜೀಪಿನ ಎಡಗಡೆ ಚಕ್ರದ ನಟ್ಟು ಉಲ್ಟಾ ತ್ರೆಡ್ಡಿನದಾಗಿರಬಹುದು. ಜಾಮ್ ಅಂದುಕೊಂಡು ಪೈಪ್ ಹಾಕಿ ಬಿಗಿಯುತ್ತಲೇ ಹೋಗಿ ಸ್ಟಡ್ಡು (ತಲೆಯಿಲ್ಲದ ಬೋಲ್ಟು) ಮುರಿಯುವುದು ಹೊಸದಲ್ಲ.

ತಂತಿ ಬ್ರಷ್‌ನಲ್ಲಿ ಉಜ್ಜಿ, ಸೀಮೆಎಣ್ಣೆ ಇಲ್ಲವೇ ಡೀಸೆಲ್‌ನಲ್ಲಿ ತೊಳೆದ ಮೇಲೆಯೇ ಎಣ್ಣೆ ಬಿಡಿ. ಧೂಳಿನ ಮೇಲೆ ಬಿಟ್ಟ ಎಣ್ಣೆ ಒಳಗಿಳಿಯುವುದಿಲ್ಲ. ಪವರ್ ಸ್ಟಿಯರಿಂಗಿನ ಎಟಿಎಫ್ ಆಯಿಲ್, ಅಸಿಟೋನ್ ಸಮಸಮ ಬೆರೆಸಿದರೆ ಡಬ್ಬಿ ಸ್ಪ್ರೇಗಿಂತ ಅಗ್ಗ, ಕೆಲಸವೂ ಚೆನ್ನ. ಎರಡೂ ಬೇರ್ಪಡುತ್ತವೆ, ಪ್ರತಿ ಸಲ ಅಲ್ಲಾಡಿಸಿ. ಅಸಿಟೋನ್ 56 ಡಿಗ್ರಿಗೇ ಕುದಿಯುವ ವಸ್ತು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕಾದ ಲೋಹದ ಮೇಲೆ ಬಿಟ್ಟರೆ ಹಾರಿಹೋಗುತ್ತದೆ, ಸಂಜೆ ಬಿಡಿ. ಪೇಂಟಿಗೂ ಬೆಂಕಿಗೂ ಅದನ್ನು ತಾಕಿಸಬೇಡಿ. ದಿನಕ್ಕೆ ಎರಡು ಸಲದಂತೆ ಎರಡು ಮೂರು ದಿನ ಬಿಡುತ್ತಾ, ಪ್ರತಿ ಸಲ ಒಂದು ಪೌಂಡಿನ ಸುತ್ತಿಗೆಯಿಂದ ಬೋಲ್ಟಿನ ತಲೆಗೆ ನೇರವಾಗಿ ಹತ್ತು ಹದಿನೈದು ಚುರುಕು ಏಟು ಕೊಡಿ. ತುಕ್ಕಿನ ಪುಡಿ ಬಿರಿದು ಎಣ್ಣೆಗೆ ದಾರಿಯಾಗುವುದು ಈ ಏಟಿನಿಂದ. ಅಲ್ಯುಮಿನಿಯಂ ಎರಕವಾದರೆ ಏಟು ಹಗುರವಾಗಿರಲಿ. ಯೆಜ್ಡಿ ಕವರಿನ ಸ್ಕ್ರೂಗಳಿಗೆ ಸುತ್ತಿಗೆಯಲ್ಲಿ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಳಸಿ.

ಬಿಚ್ಚುವಾಗ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಡಿಸಿ. ‘ಟಕ್’ ಅಂತ ಸದ್ದಾಗಿ ಬಿಟ್ಟರೆ ಗೆದ್ದಿರಿ. ಸದ್ದಿಲ್ಲದೆ ರಬ್ಬರಿನಂತೆ ಮೆತ್ತಗೆ ತಿರುಗುತ್ತಿದೆ ಎನಿಸಿದರೆ ತಕ್ಷಣ ನಿಲ್ಲಿಸಿ, ಬೋಲ್ಟು ನುಲಿಯುತ್ತಿದೆ, ಇನ್ನು ಕಾಲು ಸುತ್ತು ತಿರುಗಿಸಿದರೆ ಕಟ್ ಆಗುತ್ತದೆ. ಸಡಿಲಾದ ಮೇಲೂ ಒಂದೇ ಸಮ ತಿರುಗಿಸಬೇಡಿ. ಕಾಲು ಸುತ್ತು ಹೊರಗೆ, ಅದರ ಅರ್ಧದಷ್ಟು ಒಳಗೆ, ಮತ್ತೆ ಎಣ್ಣೆ.

ಬಗ್ಗದಿದ್ದರೆ ಬೆಂಕಿ. ಅದಕ್ಕೂ ಮೊದಲು ಪೆಟ್ರೋಲ್ ಟ್ಯಾಂಕು, ಬ್ರೇಕ್ ಪೈಪು, ರಬ್ಬರ್ ಬುಷ್ ದೂರವಿರಲಿ. ಬಿಟ್ಟ ಅಸಿಟೋನ್ ಎಣ್ಣೆಯನ್ನು ಪೂರ್ತಿ ಒರೆಸಿ. ಶಾಕ್ ಅಬ್ಸಾರ್ಬರಿಗೆ ಬೆಂಕಿ ತೋರಿಸಲೇಬೇಡಿ. ಬ್ರೇಕ್ ಕ್ಲೀನರ್ ಬಿದ್ದ ಜಾಗಕ್ಕೂ ಬೇಡ, ಕೆಲವು ಕ್ಲೀನರ್‌ಗಳ ಹೊಗೆ ವಿಷ. ಕಾಯಿಸಬೇಕಾದ್ದು ಬೋಲ್ಟನ್ನಲ್ಲ, ಸುತ್ತಲ ಲೋಹವನ್ನು. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಸ್ವಲ್ಪ ಕಾವಿಗೇ ಸಡಿಲವಾಗುತ್ತದೆ. ದೋಸೆ ಹಂಚಿಗೆ ಚಿಮುಕಿಸಿದಂತೆ ನೀರಿನ ಹನಿ ಚುರ್ ಎಂದರೆ ಸಾಕು. ಕೆಂಪಗಾಗಲಿ ಎಂದು ಕಾಯಬೇಡಿ: ಅಲ್ಯುಮಿನಿಯಂ ಬಣ್ಣ ತಿರುಗದೆಯೇ 660 ಡಿಗ್ರಿಯೊಳಗೇ ಕರಗಿ ಕೆಳಗೆ ಬೀಳುತ್ತದೆ. ಬಿಸಿ ಇರುವಾಗಲೇ ತ್ರೆಡ್ಡಿನ ಬಾಯಿಗೆ ಮೇಣದಬತ್ತಿ ಮುಟ್ಟಿಸಿ, ಮೇಣ ತಾನೇ ಒಳಗೆ ಇಳಿಯುತ್ತದೆ.

ಇಷ್ಟಾಗಿಯೂ ಕಟ್ ಆಯಿತೆಂದುಕೊಳ್ಳಿ. ಸ್ಟಡ್ಡು ಮೇಲ್ಮೈಗೆ ಸಮವಾಗಿ ಅಥವಾ ಸ್ವಲ್ಪ ಹೊರಗೆ ಮುರಿದಿದ್ದರೆ ವೆಲ್ಡಿಂಗೇ ಮೊದಲ ಮದ್ದು. ಬ್ಯಾಟರಿ ತೆಗೆಯಿರಿ. ಮುರಿದ ಮುಖ ಉಜ್ಜಿ, ಮೇಲೆ ನಟ್ ಇಟ್ಟು, 2.5 ಮಿ.ಮೀ. ರಾಡಿನಿಂದ ನಟ್ಟಿನ ತೂತಿನ ತಳದಿಂದ ಮೇಲಕ್ಕೆ ತುಂಬಿಸಿ. ಕೆಂಪು ಆರಲಿ, ಆಮೇಲೆ ಹಿಂದೆಮುಂದೆ ಆಡಿಸಿ. ಒಂದೇ ಸಲಕ್ಕೆ ಬರದಿದ್ದರೆ ಮತ್ತೊಂದು ನಟ್ಟು. ಪ್ರತಿ ಸಲದ ಕಾವು ತುಕ್ಕಿನ ಹಿಡಿತ ಬಿಡಿಸುತ್ತದೆ, ಮೂರನೆಯ ನಟ್ಟಿಗೆ ಬಂದರೂ ಬಂತು. ಅಲ್ಯುಮಿನಿಯಮ್ಮಿಗೆ ಈ ವೆಲ್ಡ್ ಅಂಟುವುದಿಲ್ಲ, ಅದೇ ಅನುಕೂಲ.

ಒಳಗೇ ಮುರಿದಿದ್ದರೆ ಡ್ರಿಲ್. ಇಲ್ಲಿ ಸೋಲುವುದು ಸ್ಟಡ್ಡಿನ ನಡು ಹಿಡಿಯಲಾಗದೆ: ಡ್ರಿಲ್ ಬಿಟ್ ಗಟ್ಟಿ ಸ್ಟಡ್ಡು ಬಿಟ್ಟು ಮೆತ್ತಗಿನ ಅಲ್ಯುಮಿನಿಯಂ ಕಡೆ ಜಾರುತ್ತದೆ. ಎಂ8 (8 ಮಿ.ಮೀ. ದಪ್ಪದ) ಸ್ಟಡ್ಡಿಗೆ ಹೊರಗೆ 6.6, ಒಳಗೆ 3 ಮಿ.ಮೀ. ಇರುವ ಬುಷ್ ಒಂದನ್ನು ಲೇತ್‌ನಲ್ಲಿ ತೆಗೆಸಿ. ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಾದ ಹರಿಹರ ಪಕ್ಕದಲ್ಲೇ ಇರುವಾಗ ಇದಕ್ಕೇನು ಕಷ್ಟ? ತೂತು ಉಳಿದಷ್ಟು ಆಳಕ್ಕೆ ಬುಷ್ ಕೂರಿಸಿ, ನಿಧಾನ ವೇಗದಲ್ಲಿ, ಎಣ್ಣೆ ಬಿಡುತ್ತಾ 3, ಆಮೇಲೆ ಬುಷ್ ತೆಗೆದು 5, ಕೊನೆಗೆ 6.8 ಮಿ.ಮೀ. ಬಿಟ್‌ನಿಂದ ಕೊರೆಯಿರಿ. ಎಡಕ್ಕೆ ಕೊರೆಯುವ ಬಿಟ್ ಸಿಕ್ಕರೆ ಕೊರೆಯುವಾಗಲೇ ಸ್ಟಡ್ಡು ತಿರುಗಿ ಹೊರಬರುವುದುಂಟು. ಉಳಿದ ತ್ರೆಡ್ ಸುರುಳಿಯನ್ನು ಮೊನೆಯಿಂದ ಎಬ್ಬಿಸಿ ಎಂ8×1.25 ಟ್ಯಾಪ್ ಓಡಿಸಿ. ನಡು ತಪ್ಪಿದ್ದರೆ ಮೊದಲ 3 ಮಿ.ಮೀ.ಗೇ ನಿಲ್ಲಿಸಿ ವರ್ಕ್‌ಶಾಪಿಗೆ ಕೊಂಡೊಯ್ಯಿರಿ. ತ್ರೆಡ್ಡೇ ಹೋದರೆ ಹೆಲಿಕಾಯಿಲ್ (ಹೋದ ತ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿ ಸುರುಳಿ) ಇದೆ.

ಈಜಿ-ಔಟ್ (ಮುರಿದ ಬೋಲ್ಟಿಗೆ ತೂತು ಕೊರೆದು, ಒಳಗೆ ಹಾಕಿ ತಿರುಗಿಸುವ ಉಲ್ಟಾ ಸುರುಳಿಯ ಮೊಳೆ) ಬಗ್ಗೆ: ಹೆಸರಷ್ಟೇ ಈಜಿ. ಬೆಂಕಿಗೂ ಬಗ್ಗದೆ ಮುರಿದ ಸ್ಟಡ್ಡನ್ನು ಅದಕ್ಕಿಂತ ಸಣ್ಣ ಗಡಸು ಉಕ್ಕಿನ ಮೊಳೆ ತಿರುಗಿಸೀತೇ? ಒಳಗೇ ಮುರಿದರೆ ಮಾಮೂಲಿ ಡ್ರಿಲ್ ಅದರ ಮೇಲೆ ನಡೆಯುವುದಿಲ್ಲ. ಕೂತ ಬೋಲ್ಟಿಗೆ ಬೇಡವೇ ಬೇಡ. ಕೂರದೆ, ಬಿಗಿ ಜಾಸ್ತಿಯಾಗಿ ತಲೆ ಹಾರಿದ್ದಕ್ಕೆ ಸರಿ.

ಮಿಲಿಮೀಟರ್ ಬೋಲ್ಟಾದರೆ ಹೊಸದರ ತಲೆ ಮೇಲೆ 8.8 ಗುರುತಿರಲಿ, ಅದು ಬೋಲ್ಟಿನ ಬಲದ ದರ್ಜೆ. ಕಾಪರ್ ಗ್ರೀಸ್ ಹಚ್ಚಿದರೆ ಟಾರ್ಕ್ (ಬಿಗಿಯುವ ಬಲ) ಸುಮಾರು ಶೇ. 20 ಇಳಿಸಿ. ಚಕ್ರದ ನಟ್ಟಿಗೆ ಹಚ್ಚಬೇಡಿ. ತೂತು ನೀರಿನ ಜಾಕೆಟ್ಟಿಗೆ (ಎಂಜಿನ್ನೊಳಗೆ ನೀರು ಹರಿಯುವ ಜಾಗ) ತೆರೆದಿದ್ದರೆ ತ್ರೆಡ್ಡಿಗೆ ಸೀಲಂಟ್ ಹಾಕಿ. ತಳ ಮುಚ್ಚಿದ ಕುರುಡು ತೂತಾದರೆ ಲೋಹದ ಚೂರು, ಎಣ್ಣೆ ಎರಡನ್ನೂ ಗಾಳಿಯಲ್ಲಿ ಊದಿ, ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ. ಕಣ್ಣಿಗೆ ಕನ್ನಡಕ ಇರಲಿ. ತಳದಲ್ಲಿ ಎಣ್ಣೆ ಉಳಿದರೆ ಬೋಲ್ಟು ಬಿಗಿಯುವಾಗ ಅದಕ್ಕೆ ಹೋಗಲು ಜಾಗವಿಲ್ಲದೆ, ಇಷ್ಟು ಹೊತ್ತು ಕಾಪಾಡಿಕೊಂಡ ಎರಕವೇ ಸೀಳುತ್ತದೆ.