ಕೋಲಾರದಿಂದ ಇರುಂಗಾಟ್ಟುಕೋಟೈ ರೇಸಿಗೆ: ಕಾರಲ್ಲೇ ಮಲಗಿ ಬರುವ ಲೆಕ್ಕ

ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ, ಕಾಂಚೀಪುರದ ಮೇಲೆ ಹೋದರೆ ಕೋಲಾರದಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಕಾರ್ ರೇಸ್ ಸರ್ಕ್ಯೂಟ್ ಸುಮಾರು 235 ಕಿಲೋಮೀಟರ್. ನಾಲ್ಕೂವರೆ ಐದು ಗಂಟೆ ದಾರಿ. ಶನಿವಾರ ಹೋಗಿ ಶನಿವಾರವೇ ವಾಪಸ್ ಬಂದರೆ ಭಾನುವಾರದ ರೇಸ್ ತಪ್ಪುತ್ತದೆ, ಎರಡೂ ದಿನ ಓಡಾಡಿದರೆ ಪೆಟ್ರೋಲ್ ಎರಡರಷ್ಟು, ರೂಮ್ ಮಾಡಿದರೆ ಕಡಿಮೆ ಖರ್ಚಿನ ಮಾತೇ ಇಲ್ಲ. ಹಾಗಾಗಿ ಕಾರಲ್ಲೇ ಮಲಗುವ ದಾರಿ ಹಿಡಿದೆ. ಟೆಂಟು, ಸ್ಟವ್ವು, ಮಡಚುವ ಕುರ್ಚಿ ಅಂತ ದುಡ್ಡು ಸುರಿಯೋದಕ್ಕಿಂತ ಮೊದಲು ಒಂದೇ ವಿಷಯ ಸರಿ ಮಾಡಿಕೊಳ್ಳಬೇಕು: ಆರು ಗಂಟೆ ನಿದ್ದೆ. ಬಾಕಿ ಎಲ್ಲಾ ಅದರ ಸುತ್ತ ತಾನಾಗೇ ಕೂರುತ್ತದೆ.

ಇದು ಇಬ್ಬರ ಲೆಕ್ಕ. ಹ್ಯಾಚ್‌ಬ್ಯಾಕ್‌ನಲ್ಲಿ ಮೂರನೆಯವರಿಗೆ ಜಾಗ ಇಲ್ಲ, ಯಾಕೆಂದರೆ ಹಾಸಿಗೆ ಬಿಚ್ಚಬೇಕಾದರೆ ಮುಂದಿನ ಎರಡೂ ಸೀಟು ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಮುಂದೆ ಹೋಗಿರುತ್ತವೆ.

ಮೊದಲು ಟೇಪು ಹಿಡಿದು ಅಳೆಯಿರಿ. ಹಿಂದಿನ ಸೀಟು ಮಡಚಿ, ಮುಂದಿನ ಸೀಟು ಪೂರ್ತಿ ಮುಂದೆ ತಳ್ಳಿ, ಡಿಕ್ಕಿ ಬಾಗಿಲಿನಿಂದ ಮುಂದಿನ ಸೀಟಿನ ಬೆನ್ನಿನವರೆಗೆ ನನ್ನ ಕಾರಿನಲ್ಲಿ ಸಿಕ್ಕಿದ್ದು 5 ಅಡಿ 7 ಇಂಚು. ಚಕ್ರದ ಉಬ್ಬುಗಳ ನಡುವೆ ಅಗಲ 3 ಅಡಿ 3 ಇಂಚು. ಡಿಕ್ಕಿ ಬಾಗಿಲು ತೆರೆದಿಟ್ಟು ಅಳೆದರೆ ಮೋಸ ಹೋಗುತ್ತೀರಿ, ಬಾಗಿಲು ಒಳಗೆ ಬಾಗಿರುವುದರಿಂದ ಹಾಸಿಗೆಯ ಎತ್ತರದಲ್ಲಿ ಎರಡು ಮೂರು ಇಂಚು ಕಮ್ಮಿಯಾಗುತ್ತದೆ. ಮುಚ್ಚಿಕೊಂಡು, ಒಳಗೆ ಕೂತು ಅಳೆಯಬೇಕು.

8×4 ಅಡಿಯ 12 ಎಂಎಂ ಪ್ಲೈವುಡ್ ಶೀಟ್ ಒಂದು ಸಾಕು. 18 ಎಂಎಂ ಬೇಡ, ತೂಕ ಒಂದೂವರೆ ಪಟ್ಟು, ಮಡಚಿ ಎತ್ತುವಾಗ ಸೊಂಟ ಹಿಡಿಯುತ್ತದೆ. 6 ಎಂಎಂ ನಡುವೆ ಜೋತು ಬೀಳುತ್ತದೆ. ಹಲಗೆಯನ್ನು ಮೂರು ತುಂಡು ಮಾಡಿ ಉದ್ದ ಹಿಂಜಿನಿಂದ ಜೋಡಿಸಿದ್ದೇನೆ: ಡಿಕ್ಕಿ ಮೇಲಿನದು, ಮಡಚಿದ ಸೀಟಿನ ಮೇಲಿನದು, ಕಾಲಿಡುವ ಗುಂಡಿಯ ಮೇಲಿನದು. ಮೂರನೆಯದಕ್ಕೆ ಕೆಳಗೆ ಆಧಾರ ಬೇಕು. ಅಲ್ಲಿಗೆ ಮರದ ಕಾಲು ಮಾಡಿಸುವ ಬದಲು ಒಂದು ಬದಿ 20 ಲೀಟರ್ ನೀರಿನ ಕ್ಯಾನು, ಇನ್ನೊಂದು ಬದಿ ಬಟ್ಟೆ ತುಂಬಿದ ಹಳೇ ಟ್ರಂಕು ಇಟ್ಟೆ. ಕ್ಯಾನಿನ ಮುಚ್ಚಳ ಹಲಗೆಗೆ ತಾಗಬಾರದು, ಭಾರಕ್ಕೆ ಸೀಳಿ ರಾತ್ರಿಯೆಲ್ಲಾ ತೊಟ್ಟಿಕ್ಕುತ್ತದೆ. ಕ್ಯಾನಿನ ಭುಜದ ಮೇಲೆ ಕೂರುವಂತೆ, ಮುಚ್ಚಳದ ಜಾಗದಲ್ಲಿ ಹಲಗೆಗೆ ಒಂದು ತೂತು ಕೊಯ್ಯಿರಿ. ಹಿಂದಿನ ತುಂಡು ಮೇಲಕ್ಕೆ ಎತ್ತುವಂತಿರಬೇಕು. ಸ್ಟೆಪ್ನಿ, ಜಾಕಿ ಅದರಡಿ ಸಿಕ್ಕಿಕೊಂಡರೆ ಪಂಚರ್ ಆದಾಗ ರಸ್ತೆ ಬದಿಯಲ್ಲಿ ಸಂಸಾರವೆಲ್ಲಾ ಇಳಿಸಬೇಕು.

ಹಲಗೆ ಮೇಲೆ ಎರಡು ಇಂಚು ಗಟ್ಟಿ ಫೋಮ್, ಅದರ ಮೇಲೆ ಜಮಖಾನ. ಹತ್ತಿ ಹಾಸಿಗೆ ಮಡಚಿದರೆ ದಪ್ಪ, ಆ ಕಡೆಯ ಸೆಕೆಗೆ ಬೆವರು ಕುಡಿದು ಒದ್ದೆಯಾದರೆ ಒಣಗಲ್ಲ. ಕಂಬಳಿ ಮನೆಯಲ್ಲೇ ಇರಲಿ.

ಸೆಕೆಯ ಅಂದಾಜು ನಮಗೆ ಇರುವುದಿಲ್ಲ. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ, ಆಗಸ್ಟ್ ರಾತ್ರಿ ಫ್ಯಾನ್ ಇಲ್ಲದೆ ಮಲಗಬಹುದು. ಮೊಗಿಲಿ ಘಾಟಿ ಇಳಿದು ಚಿತ್ತೂರು ದಾಟಿದ ಮೇಲೆ ಗಾಳಿಯೇ ಬೇರೆ. ಮಧ್ಯರಾತ್ರಿಯಲ್ಲೂ 27 ಡಿಗ್ರಿ, ಮೈಗೆ ಅಂಟುವ ತೇವ. ಗಾಜು ಮುಚ್ಚಿದರೆ ಇಬ್ಬರ ಉಸಿರಿಗೇ ಅರ್ಧ ಗಂಟೆಯಲ್ಲಿ ಮಂಜು ಕಟ್ಟಿ ನೀರು ಇಳಿಯುತ್ತದೆ, ತೆರೆದರೆ ಸೊಳ್ಳೆ. ಎಂಜಿನ್ ಓಡಿಸಿ ಎಸಿ ಹಾಕಿಕೊಂಡು ಮಲಗುವುದು ಯಾವ ಕಾರಣಕ್ಕೂ ಬೇಡ. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಇದಕ್ಕೆ ಹೊಲಿಸಿದ್ದು ಬಾಗಿಲಿಗೆ ತೊಡಿಸುವ ಸೊಳ್ಳೆ ಪರದೆಯ ಚೀಲ, ದಿಂಬಿನ ಕವರ್ ಇದ್ದ ಹಾಗೆ. ಒಂದೂವರೆ ಮೀಟರ್ ಅಗಲದ ನೈಲಾನ್ ಬಲೆ ಎರಡೂಕಾಲು ಮೀಟರ್ ತಂದು ಉದ್ದಕ್ಕೆ ಸೀಳಿದರೆ ಹಿಂದಿನ ಎರಡೂ ಬಾಗಿಲಿಗಾಗುತ್ತದೆ. ಪ್ರತಿ ತುಂಡನ್ನು ಮಧ್ಯಕ್ಕೆ ಮಡಚಿ, ಮೇಲೆ ಮತ್ತು ಪಕ್ಕಕ್ಕೆ ಹೊಲಿಗೆ, ಕೆಳಗೆ ಇಲಾಸ್ಟಿಕ್. ಬಾಗಿಲು ತೆರೆದು ಮೇಲಿನಿಂದ ತೊಡಿಸಿ ಮುಚ್ಚಿದರೆ ಗಾಜು ಪೂರ್ತಿ ಇಳಿಸಿದರೂ ಒಂದು ಸೊಳ್ಳೆ ಬರಲ್ಲ. ಆಯಸ್ಕಾಂತದಲ್ಲಿ ಹೊರಗಿನಿಂದ ಅಂಟಿಸುವ ಪರದೆಯೂ ಸಿಗುತ್ತದೆ. ಲಾರಿ ಹಾದ ಗಾಳಿಗೇ ಅದು ಕಿತ್ತು ಬರುತ್ತದೆ. ಚೀಲದ ಪರದೆಗೂ ಒಂದು ದೋಷ ಇದೆ: ಜೋರು ಮಳೆ ಬಂದರೆ ರಬ್ಬರ್ ಬೀಡಿಂಗ್ ನಡುವೆ ಸಿಕ್ಕಿಕೊಂಡ ಬಲೆ ಬತ್ತಿಯ ಹಾಗೆ ನೀರನ್ನು ಒಳಗೆ ಎಳೆಯುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ಆ ಕಡೆ ಹಿಂಗಾರು ಮಳೆಗಾಲ. ಆ ತಿಂಗಳ ರೌಂಡಿಗೆ, ಅಂದರೆ ಚಾಂಪಿಯನ್‌ಶಿಪ್‌ನ ಒಂದು ವಾರಾಂತ್ಯದ ರೇಸಿಗೆ, ಹೋಗುವುದಾದರೆ ಗಾಜಿನ ಮೇಲೆ ಮಳೆ ತಡೆಯುವ ವೈಸರ್ ಹಾಕಿಸಿ, ಪರದೆ ತೊಡಿಸದೆ ಎರಡು ಬೆರಳು ಗಾಜು ಇಳಿಸಿಕೊಳ್ಳಿ.

ಫ್ಯಾನಿನ ಲೆಕ್ಕ ಸುಲಭ. 5 ವೋಲ್ಟಿನ ಯುಎಸ್‌ಬಿ ಫ್ಯಾನ್ ಒಂದು ಆಂಪ್ ಎಳೆದರೆ 5 ವ್ಯಾಟ್. 10,000 ಎಂಎಎಚ್ ಪವರ್‌ಬ್ಯಾಂಕ್ ಅಂದರೆ ಒಳಗಿನ ಸೆಲ್ಲಿನ 3.7 ವೋಲ್ಟಿಗೆ 37 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಹೋಗುವುದು ಕಳೆದರೆ ಕೈಗೆ ಬರುವುದು 30ರ ಆಸುಪಾಸು. ಒಂದು ಫ್ಯಾನ್ ಆರು ಗಂಟೆ. ಎರಡು ಫ್ಯಾನಿಗೆ 20,000ದ್ದು ಬೇಕು, ಫೋನ್ ಚಾರ್ಜಿಗೆ ಬೇರೆ. ಫ್ಯಾನ್ ಮುಖಕ್ಕೆ ಹಿಡಿಯುವುದಕ್ಕಿಂತ ಒಂದು ಬಾಗಿಲಿನ ಪರದೆಗೆ ಬೆನ್ನು ಕೊಟ್ಟು ಇಟ್ಟರೆ ಹೊರಗಿನ ಗಾಳಿ ಎಳೆಯುತ್ತದೆ.

ಮಲಗುವ ಮುನ್ನ ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ತೆಗೆದಿದೆಯಾ ನೋಡಿ. ಮುಂದಿನ ಸೀಟು ದಾರಿ ಕಟ್ಟಿರುತ್ತದೆ, ಡಿಕ್ಕಿ ಬಾಗಿಲು ಹೆಚ್ಚಿನ ಕಾರುಗಳಲ್ಲಿ ಒಳಗಿನಿಂದ ತೆರೆಯಲ್ಲ. ಚೈಲ್ಡ್ ಲಾಕ್ ಬಿದ್ದಿದ್ದರೆ ನೀವು ಪೆಟ್ಟಿಗೆಯೊಳಗೆ. ರಿಮೋಟಿನಿಂದ ಲಾಕ್ ಮಾಡಬೇಡಿ, ಕೆಲವು ಕಾರುಗಳಲ್ಲಿ ಒಳಗೆ ಮಗ್ಗುಲು ಬದಲಿಸಿದರೂ ಅಲಾರಂ ಕಿರುಚುತ್ತದೆ. ಬಾಗಿಲ ಗುಂಡಿ ಒತ್ತಿ ಲಾಕ್ ಮಾಡಿ. ಒಳಗಿನ ದೀಪದ ಸ್ವಿಚ್ ಆಫ್‌ಗೆ ಹಾಕಿ, ಇಲ್ಲದಿದ್ದರೆ ಬಾಗಿಲು ಸರಿಯಾಗಿ ಕೂರದೇ ದೀಪ ಉರಿಯುತ್ತಲೇ ಇದ್ದು ಬೆಳಗ್ಗೆ ಬ್ಯಾಟರಿ ಸತ್ತಿರುತ್ತದೆ.

ಎಲ್ಲಿ ನಿಲ್ಲಿಸುವುದು? ಸರ್ಕ್ಯೂಟ್ ಗೇಟಿನ ಒಳಗೆ ತಂಗುವ ಲೆಕ್ಕ ಇಟ್ಟುಕೊಂಡು ಹೊರಡಬೇಡಿ. ಸಂಜೆ ಖಾಲಿ ಮಾಡಿ ಅಂದರೆ ಕತ್ತಲಲ್ಲಿ ಜಾಗ ಹುಡುಕಬೇಕಾಗುತ್ತದೆ. ನನ್ನ ಆಯ್ಕೆ ಹೆದ್ದಾರಿಯಲ್ಲಿ ರಾತ್ರಿಯಿಡೀ ತೆರೆದಿರುವ, ಲಾರಿಗಳು ನಿಲ್ಲುವ ದೊಡ್ಡ ಪೆಟ್ರೋಲ್ ಬಂಕ್. ಕಾಂಚೀಪುರಕ್ಕೂ ಶ್ರೀಪೆರಂಬುದೂರಿಗೂ ನಡುವೆ ಬೆಳಗ್ಗೆ ಹೋಗುವಾಗಲೇ ಎರಡು ಜಾಗ ಗುರುತು ಮಾಡಿಟ್ಟುಕೊಳ್ಳುತ್ತೇನೆ. ಸಂಜೆ ಅಲ್ಲಿ ಐನೂರು ರೂಪಾಯಿ ಪೆಟ್ರೋಲ್ ಹಾಕಿಸಿ, ಆಮೇಲೆ ಪಾಳಿಯಲ್ಲಿರುವವರನ್ನು ಕೇಳಿದರೆ ಬೇಡ ಅನ್ನುವವರು ಕಮ್ಮಿ. ಚಿತ್ತೂರಿನವರೆಗೆ ನಮ್ಮ ಮುರುಕು ತೆಲುಗು ನಡೆಯುತ್ತದೆ, ಅಲ್ಲಿಂದ ಮುಂದೆ ‘ಅಣ್ಣಾ, ಕಾರ್ಲ ಪಡುತ್ತುಕ್ಕಲಾಮಾ’ ಅನ್ನುವಷ್ಟು ತಮಿಳು ಸಾಕು. ಶೀತಲ ಲಾರಿಯ ಪಕ್ಕ ನಿಲ್ಲಿಸಬೇಡಿ, ಅದರ ಕೂಲಿಂಗ್ ಯಂತ್ರ ಬೆಳಗಿನವರೆಗೂ ಗುಡುಗುತ್ತದೆ, ಡೀಸೆಲ್ ಹೊಗೆ ನಿಮ್ಮ ಪರದೆಯೊಳಗೇ ಬರುತ್ತದೆ. ದೀಪದ ಕಂಬದ ನೇರ ಕೆಳಗೂ ಬೇಡ, ಹುಳ. ಶೌಚಾಲಯಕ್ಕೆ ಐವತ್ತು ಹೆಜ್ಜೆ ದೂರ, ಕಾಂಪೌಂಡ್ ಗೋಡೆಗೆ ಮೂತಿ ಮಾಡಿ ನಿಲ್ಲಿಸುವುದು ಒಳ್ಳೆಯದು. ನೆಲ ಇಳಿಜಾರಿದ್ದರೆ ತಲೆ ಮೇಲಿರುವ ಕಡೆ ಇರಲಿ. ಅಡ್ಡಕ್ಕೆ ವಾಲಿದ್ದರೆ ಉಳಿದ ಪ್ಲೈ ತುಂಡು ಎರಡು ಮೂರು ಚಕ್ರದಡಿ ಹಾಕಿ ಹತ್ತಿಸಿ. ಇಲ್ಲದಿದ್ದರೆ ಇಬ್ಬರಲ್ಲಿ ಒಬ್ಬರು ರಾತ್ರಿಯೆಲ್ಲಾ ಇನ್ನೊಬ್ಬರ ಮೇಲೆ ಉರುಳುತ್ತಿರುತ್ತಾರೆ.

ಮೈ ಪೂರ್ತಿ ಸೋತಿದ್ದರೆ ಶ್ರೀಪೆರಂಬುದೂರು ರಾಮಾನುಜಾಚಾರ್ಯರು ಹುಟ್ಟಿದ ಊರು, ಯಾತ್ರಿಕರು ಬರುವ ಜಾಗ. ಗುಡಿಯ ಸುತ್ತ ಸಾದಾ ತಂಗುದಾಣ ವಿಚಾರಿಸಬಹುದು.

ಬಂಕಿನಲ್ಲಿ ಮಲಗುವುದು ಅಂದಮೇಲೆ ಸ್ಟವ್ ಮಾತೇ ಇಲ್ಲ, ಅಲ್ಲಿ ಬೆಂಕಿಕಡ್ಡಿಯನ್ನೂ ಗೀರುವ ಹಾಗಿಲ್ಲ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಗ್ಯಾಸ್ ಡಬ್ಬಿ ಇಡುವುದೂ ತಪ್ಪು. ಅಡುಗೆ ಮನೆಯಿಂದಲೇ. ಅರ್ಧ ಕೆಜಿ ಅಕ್ಕಿಯ ಪುಳಿಯೋಗರೆ, ಕೊಬ್ಬರಿ ಹಾಕದೆ, ಇಬ್ಬರಿಗೆ ಶನಿವಾರದ ಎರಡು ಹೊತ್ತಿಗೆ. ಅನ್ನ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿದ ಮೇಲೇ ಡಬ್ಬಿಗೆ. ಬಿಸಿ ಹಬೆ ಒಳಗೆ ಉಳಿದರೆ ಸಂಜೆಗೇ ಹಳಸುತ್ತದೆ. ಕಾಲು ಕೆಜಿ ರಾಗಿ ಹುರಿಹಿಟ್ಟು ಮತ್ತು ಬೆಲ್ಲದ ಪುಡಿ ಭಾನುವಾರ ಬೆಳಗ್ಗೆಗೆ, ನೀರಲ್ಲಿ ಕಲಸಿದರೂ ಆಗುತ್ತದೆ. ಚಪಾತಿ, ಕಡಲೆಬೀಜದ ಚಟ್ನಿಪುಡಿ, ನಿಪ್ಪಟ್ಟು. ಮೊಸರನ್ನ ತರಲೇಬೇಡಿ. ಭಾನುವಾರ ಮಧ್ಯಾಹ್ನ ಹೋಟೆಲ್. ನೀರು ತಲೆಗೆ ದಿನಕ್ಕೆ ಐದು ಲೀಟರ್, ಅದಕ್ಕೇ 20 ಲೀಟರ್ ಕ್ಯಾನು.

ಟ್ಯಾಂಕ್ ಮುಳಬಾಗಿಲಿನಲ್ಲೇ ತುಂಬಿಸಿ. ನಂಗಲಿ ದಾಟಿದರೆ ಆಂಧ್ರ, ಅಲ್ಲಿ ಪೆಟ್ರೋಲ್ ಬೆಲೆ ಜಾಸ್ತಿ. ಹೋಗಿ ಬರುವುದು, ಸುತ್ತಾಟ ಸೇರಿ 500 ಕಿಲೋಮೀಟರ್. ಎಸಿ ಹಾಕಿ, ಸಾಮಾನು ಹೇರಿಕೊಂಡು ಲೀಟರಿಗೆ 16 ಸಿಕ್ಕರೆ 31 ಲೀಟರ್, ಅಂದರೆ 3,200 ರೂಪಾಯಿ. ಟೋಲಿಗೆ 900 ತೆಗೆದಿಡುತ್ತೇನೆ. 24 ಗಂಟೆಯೊಳಗೆ ಮರಳಿದರೆ ಸಿಗುವ ರಿಯಾಯಿತಿ ನಮಗೆ ದಕ್ಕುವುದಿಲ್ಲ, ರಾತ್ರಿ ಉಳಿಯುತ್ತೇವಲ್ಲ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸನ್ನು ಇದೊಂದು ಪ್ರಯಾಣಕ್ಕೆ ಮಾಡಿಸುವುದು ದಂಡ, ವಾರವಾರ ಹೆದ್ದಾರಿ ಹಿಡಿಯುವವರಿಗೆ ಬೇರೆ ಮಾತು. ಊಟ, ಟೀ, ಸ್ನಾನಕ್ಕೆ 700. ಒಟ್ಟು 4,800, ತಲೆಗೆ 2,400. ಪ್ರವೇಶದ ಹಣ ಸೇರಿಸಿಲ್ಲ, ಅದು ರೌಂಡ್ ನೋಡಿಕೊಂಡು. ಹಲಗೆ, ಫೋಮ್, ಪರದೆ, ಹಿಂಜು ಸೇರಿ ಮೊದಲ ಸಲ 3,500 ಆಗುತ್ತದೆ, ಅದು ವರ್ಷಗಟ್ಟಲೆ ಬರುತ್ತದೆ.

ಮೊಗಿಲಿ ಘಾಟಿಯಲ್ಲಿ ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲೇ ಇಳಿಯಿರಿ. ಮಡಚಿದ ಹಲಗೆಯನ್ನು ಹಿಂದಿನ ಕೊಂಡಿಗೆ ಬಿಗಿಯಾಗಿ ಕಟ್ಟಿರಬೇಕು. 12 ಕೆಜಿ ಪ್ಲೈ, 20 ಕೆಜಿ ನೀರು ಜೋರು ಬ್ರೇಕಿಗೆ ಮುಂದಿನ ಸೀಟಿನ ಬೆನ್ನಿಗೆ ಬಂದು ಬಡಿಯುತ್ತವೆ. ಕಾರು ಓಡುವಾಗ ಹಾಸಿಗೆ ಮೇಲೆ ಯಾರೂ ಮಲಗುವಂತಿಲ್ಲ.

ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಒಂಬತ್ತರೊಳಗೆ ಸರ್ಕ್ಯೂಟ್. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಈ ಟ್ರ್ಯಾಕ್ 1990ರಲ್ಲಿ ಶುರುವಾದದ್ದು, ಸುತ್ತು 3.717 ಕಿಲೋಮೀಟರ್, 12 ತಿರುವು. ಟೂರಿಂಗ್ ಕಾರು (ರಸ್ತೆಯ ಕಾರನ್ನೇ ರೇಸಿಗೆ ತಿದ್ದಿದ್ದು), ಒಂದೇ ಸೀಟಿನ ಫಾರ್ಮುಲಾ ಎಲ್‌ಜಿಬಿ 1300, ಹೀಗೆ ಬೇರೆ ಬೇರೆ ವರ್ಗದ ಚಿಕ್ಕ ಚಿಕ್ಕ ರೇಸುಗಳು ಒಂದರ ಹಿಂದೊಂದು, ನಡುವೆ ಉದ್ದ ಬಿಡುವು. ಟೈಮ್‌ಟೇಬಲ್ ಫೋನಿನಲ್ಲಿ ಇಳಿಸಿಕೊಳ್ಳಿ, ಬಿಡುವಿನಲ್ಲಿ ಊಟ ಮಾಡಿ, ಮರದ ನೆರಳಿದ್ದರೆ ಅರ್ಧ ಗಂಟೆ ಕಣ್ಣು ಮುಚ್ಚಿ. ಕೂರುವುದಕ್ಕೆ ಕಾಂಕ್ರೀಟಿನ ಮೇಲೆ ಹಾಕಲು ಫೋಮ್ ತುಂಡು, ಅಗಲ ಅಂಚಿನ ಟೋಪಿ. ಕೊಡೆ ಬಿಚ್ಚಿದರೆ ಹಿಂದಿನವರು ಬಿಡಲ್ಲ. ಕಿವಿಗೆ ಫೋಮ್ ಪ್ಲಗ್, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ ಎಳೆದು ತೂರಿಸಿ, ಅರಳುವವರೆಗೆ ಒತ್ತಿ ಹಿಡಿಯಬೇಕು. ಸುಮ್ಮನೆ ಕಿವಿಯ ಬಾಯಿಗೆ ಇಟ್ಟರೆ ಹಾಕದಿದ್ದ ಹಾಗೆಯೇ. ಪವರ್‌ಬ್ಯಾಂಕನ್ನು ಕಾರಿನ ಬಿಸಿಲಲ್ಲಿ ಬಿಡದೆ ಚೀಲದಲ್ಲಿ ಜೊತೆಗೇ ಇಟ್ಟುಕೊಳ್ಳಿ.

ಎಲ್ಲರೂ ತಪ್ಪು ಮಾಡುವುದು ಭಾನುವಾರ ಸಂಜೆ. ಎರಡು ದಿನ ಬಿಸಿಲು ತಿಂದು, ಬಹುಮಾನ ವಿತರಣೆ ಮುಗಿಸಿಕೊಂಡು ಆರಕ್ಕೆ ಹೊರಟರೆ ಘಾಟಿ ಹತ್ತುವ ಹೊತ್ತಿಗೆ ರಾತ್ರಿ, ಎದುರು ಲಾರಿ ದೀಪ, ಕಣ್ಣು ಎಳೆಯುತ್ತದೆ. ಹಾಸಿಗೆ ಕಾರಲ್ಲೇ ಇದೆಯಲ್ಲ! ವಾಲಾಜಾಪೇಟೆ ಹತ್ತಿರ ಎಂಟಕ್ಕೆ ಇನ್ನೊಂದು ಬಂಕ್ ನೋಡಿ ಮಲಗಿ, ಸೋಮವಾರ ನಾಲ್ಕೂವರೆಗೆ ಎದ್ದು ಹೊರಟರೆ ಏಳಕ್ಕೆ ಮುಳಬಾಗಿಲು, ಹೋಗುವಾಗ ಅಂಗಡಿ ತೆರೆದಿರದೆ ತಪ್ಪಿದ ಮುಳಬಾಗಿಲು ದೋಸೆ ಆಗ ಬಿಸಿಯಾಗಿ ಸಿಗುತ್ತದೆ. ಎಂಟಕ್ಕೆ ಕೋಲಾರ. ಫೋಮನ್ನು ಅಂದೇ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ. ಮಡಚಿದ್ದು ಹಾಗೇ ಬಿಟ್ಟರೆ ಬೆವರಿಗೆ ಬೂಷ್ಟು ಹಿಡಿದು ಮುಂದಿನ ರೌಂಡಿಗೆ ಹೊಸದು ಕೊಳ್ಳಬೇಕಾಗುತ್ತದೆ.