ಆಫೀಸಿಗೆ ನಲ್ಲಿ, ಫ್ಯಾನ್, ಎಸಿ ಆಯ್ಕೆ ಮಾಡಿದ ನನ್ನ ಅನುಭವ: ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ

2024ರ ಫೆಬ್ರವರಿಯಲ್ಲಿ ನಮ್ಮ ಕಟ್ಟಡದ ಬೋರ್‌ವೆಲ್ ಬತ್ತಿತು. ಬೆಂಗಳೂರಿನ ಮಹದೇವಪುರದ ಕಡೆ ನಮ್ಮದು 35 ಜನರ ಆಫೀಸು, ಆಗ ಅಲ್ಲಿಗೆ ಕಾವೇರಿ ನೀರು ಬರುತ್ತಿರಲಿಲ್ಲ. ವಾರಕ್ಕೆ 6000 ಲೀಟರಿನ ಎರಡು ಟ್ಯಾಂಕರ್ ಬೇಕಾಗುತ್ತಿತ್ತು, ಅದೂ ನಾಲ್ಕೈದು ಸಲ ಫೋನ್ ಮಾಡಿ ಕಾಡಿದರೆ ಬರುತ್ತಿತ್ತು. ಆಫೀಸಿನ ಈ ಕೆಲಸಗಳನ್ನೆಲ್ಲ ನೋಡಿಕೊಳ್ಳುವವಳು ನಾನು.

ಮಾರ್ಚ್‌ನಲ್ಲಿ ಜಲಮಂಡಳಿ ಏರೇಟರ್ (ನೀರಿನ ಹರಿವು ತಗ್ಗಿಸಲು ನಲ್ಲಿಯ ಬಾಯಿಗೆ ಕೂರಿಸುವ ಜಾಲರಿ) ಕಡ್ಡಾಯ ಮಾಡಿದಾಗ ಅಂಗಡಿಗೆ ಹೋಗಿ ಒಂದು ಡಜನ್ ತಂದೆ. ಅರ್ಧ ಕೂರಲೇ ಇಲ್ಲ. ಕೆಲವು ನಲ್ಲಿಗೆ ಥ್ರೆಡ್ ಒಳಗಡೆ ಇರುತ್ತದೆ, ಕೆಲವಕ್ಕೆ ಹೊರಗಡೆ. ನೋಡಿಕೊಂಡು ಹೋಗಬೇಕಿತ್ತು. ಅವತ್ತಿನಿಂದ ಅಳೆಯದೆ ಏನನ್ನೂ ಕೊಂಡಿಲ್ಲ.

ಅಳೆಯೋದು ಕಷ್ಟವೇನಲ್ಲ. ಒಂದು ಲೀಟರ್ ಜಗ್, ಮೊಬೈಲ್‌ನ ಸ್ಟಾಪ್‌ವಾಚ್, ಅಷ್ಟೇ. ನಮ್ಮ ವಾಷ್‌ಬೇಸಿನ್ನಿನ ನಲ್ಲಿ ಐದು ಸೆಕೆಂಡಿಗೆ ಜಗ್ ತುಂಬಿಸುತ್ತಿತ್ತು, ಅಂದರೆ ನಿಮಿಷಕ್ಕೆ 12 ಲೀಟರ್. ಕೈ ತೊಳೆಯೋಕೆ ಅಷ್ಟು ಬೇಕಾ? ಸರಿಯಾದ ಏರೇಟರ್ ಹಾಕಿದ ಮೇಲೆ ಅದೇ ಜಗ್‌ಗೆ 20 ಸೆಕೆಂಡ್ ಹಿಡಿಯಿತು, ನಿಮಿಷಕ್ಕೆ 3 ಲೀಟರ್. ನೀರಿನ ಜೊತೆ ಗಾಳಿ ಬೆರೆಯುವುದರಿಂದ ಕೈಗೆ ಕಡಿಮೆ ಅನಿಸೋದಿಲ್ಲ. ಆದರೆ ನೆಲ ಒರೆಸೋಕೆ ಬಕೆಟ್ ತುಂಬಿಸುವ ನಲ್ಲಿಗೆ ಅದನ್ನು ಹಾಕಿ ಏನೂ ಉಪಯೋಗವಿಲ್ಲ. 15 ಲೀಟರ್ ಬಕೆಟ್‌ಗೆ 15 ಲೀಟರೇ ಬೇಕು, ಸುಮ್ನೆ ನಿಂತು ಕಾಯಬೇಕು ಅಷ್ಟೆ.

ಇಷ್ಟೆಲ್ಲ ಮಾಡಿದರೂ ಲೆಕ್ಕ ಕೂಡಿ ಬರಲಿಲ್ಲ. ವಾರದ 12000 ಲೀಟರನ್ನು ಆರು ದಿನಕ್ಕೆ, 35 ಜನಕ್ಕೆ ಹಂಚಿದರೆ ದಿನಕ್ಕೆ ತಲೆಗೆ 57 ಲೀಟರ್ ಬರುತ್ತಿತ್ತು. ಆಫೀಸಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯವರು ಹಿಡಿಯುವುದೇ ತಲೆಗೆ 45 ಲೀಟರ್. ಉಳಿದದ್ದು ಎಲ್ಲಿ ಹೋಗ್ತಿದೆ ಅಂತ ಕೇಸರಿಬಾತಿಗೆ ಹಾಕುವ ಬಣ್ಣವನ್ನು ಸಂಜೆ ಎಲ್ಲ ಫ್ಲಶ್ ಟ್ಯಾಂಕಿಗೂ ಸ್ವಲ್ಪ ಸ್ವಲ್ಪ ಹಾಕಿದೆ. ಅರ್ಧ ಗಂಟೆಯಲ್ಲಿ ಎರಡು ಕಮೋಡ್‌ಗಳಲ್ಲಿ, ಯಾರೂ ಫ್ಲಶ್ ಮಾಡದೆಯೇ, ಬಣ್ಣ ಕಾಣಿಸಿತು. ಒಳಗಿನ ರಬ್ಬರ್ ವಾಷರ್ ಸವೆದು ಹಗಲೂ ರಾತ್ರಿ ನೀರು ಜಾರುತ್ತಿತ್ತು. ಆ ಎರಡು ವಾಷರ್ ಉಳಿಸಿದಷ್ಟು ನೀರನ್ನು ನಾನು ತಂದ ಬೇರೆ ಯಾವ ಸಾಮಾನೂ ಉಳಿಸಿಲ್ಲ.

ಡ್ಯುಯಲ್ ಫ್ಲಶ್ (ಕಡಿಮೆ ನೀರಿಗೊಂದು, ಹೆಚ್ಚು ನೀರಿಗೊಂದು ಬಟನ್ ಇರುವ ಟ್ಯಾಂಕ್) ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಟ್ಯಾಂಕ್ ಒಂದು ಸಲಕ್ಕೆ 10 ಲೀಟರ್ ಬಿಡುತ್ತಿತ್ತು. ಅದನ್ನು ತೆಗೆಸಿ 3 ಮತ್ತು 6 ಲೀಟರಿನದ್ದು ಹಾಕಿಸಿದೆ. ವಾರ ಕಳೆದ ಮೇಲೆ ನಮ್ಮ ಹೌಸ್‌ಕೀಪಿಂಗ್ ಅಮ್ಮ ಬಂದು, "ಮೇಡಂ, ಒಂದ್ಸಲ ಒತ್ತಿದ್ರೆ ಹೋಗಲ್ಲ, ಎಲ್ರೂ ಎರಡೆರಡು ಸಲ ಒತ್ತಾರೆ" ಅಂದರು. ಕಮೋಡ್ ಹಳೆಯದು, 10 ಲೀಟರಿಗೆ ಅಂತ ಮಾಡಿದ್ದು, 6 ಲೀಟರಿನ ರಭಸ ಅದಕ್ಕೆ ಸಾಲುತ್ತಿರಲಿಲ್ಲ. ಟ್ಯಾಂಕಿನೊಳಗೆ ನೀರಿನ ಮಟ್ಟ ನಿಲ್ಲಿಸುವ ಫ್ಲೋಟ್ ಸ್ವಲ್ಪ ಮೇಲೆತ್ತಿಸಿ 8 ಲೀಟರಿಗೆ ನಿಲ್ಲಿಸಿದೆವು. ಕಮೋಡ್ ಬದಲಿಸುವಾಗ ಟ್ಯಾಂಕನ್ನೂ ಜೊತೆಗೇ ತೆಗೆದುಕೊಳ್ಳಿ, ಬೇರೆ ಬೇರೆ ಬೇಡ.

ಈಗ ಒಂದು ಟ್ಯಾಂಕರ್ ನೀರು ಐದು ದಿನಕ್ಕೆ ಸಾಕಾಗುತ್ತದೆ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಹಾಕುವ ನೀರನ್ನು ಡ್ರಮ್ಮಿಗೆ ತಿರುಗಿಸಿದ್ದೇವೆ, ನೆಲ ಒರೆಸಲು ಅದೇ ಸಾಕು.

ಕರೆಂಟಿಗೂ ಇದೇ ದಾರಿ ಹಿಡಿದೆ. ರಾತ್ರಿ ಬೀಗ ಹಾಕುವಾಗ ಒಮ್ಮೆ, ಬೆಳಿಗ್ಗೆ ಒಮ್ಮೆ ಮೀಟರ್ ಫೋಟೋ ತೆಗೆದೆ. ಯಾರೂ ಇಲ್ಲದ ಹೊತ್ತಿನಲ್ಲಿ 6 ಯೂನಿಟ್ ಓಡಿತ್ತು! ಬಿಸಿನೀರಿನ ಡಿಸ್ಪೆನ್ಸರ್, ಹಳೆ ಫ್ರಿಜ್, ಆಫ್ ಮಾಡದೆ ಹೋದ ಕಂಪ್ಯೂಟರ್‌ಗಳು. ಡಿಸ್ಪೆನ್ಸರ್‌ಗೆ ಒಂದು ಟೈಮರ್ ಹಾಕಿಸಿದೆ.

ಆಮೇಲೆ 14 ಫ್ಯಾನ್. ಹಳೆಯವು 75 ವ್ಯಾಟಿನವು, ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನ) ಫ್ಯಾನಿಗೆ 30 ಸಾಕು. ದಿನಕ್ಕೆ ಒಂಬತ್ತು ಗಂಟೆ ಹಿಡಿದರೆ ಸುಮಾರು ಐದೂವರೆ ಯೂನಿಟ್ ಉಳಿಯುತ್ತದೆ. ಕೂರಿಸಿದ ದಿನ ಮಾತ್ರ ಎರಡು ಫ್ಯಾನ್ ನಿಂತು ನಿಂತು ತಿರುಗಿದವು, ನನಗೋ ಗಾಬರಿ. ಎಲೆಕ್ಟ್ರಿಷಿಯನ್ ಗೋಡೆಯ ಹಳೆ ರೆಗ್ಯುಲೇಟರ್ ತೆಗೆದಿರಲಿಲ್ಲ, ಅದನ್ನು ತೆಗೆದು ನೇರ ಕನೆಕ್ಷನ್ ಕೊಟ್ಟ ಮೇಲೆ ಸರಿಹೋಯಿತು.

ಎಸಿ ಎರಡಿದ್ದವು, ಬದಲಿಸಿದ್ದು ಒಂದನ್ನೇ. ಮೀಟಿಂಗ್ ರೂಮಿನದ್ದು ದಿನಕ್ಕೆ ಒಂದು ಗಂಟೆಯೂ ಓಡೋದಿಲ್ಲ, ಅದಕ್ಕೆ ದುಡ್ಡು ಸುರಿದರೆ ವಾಪಸ್ ಬರೋದು ಯಾವಾಗ? ಎಲ್ಲರೂ ಕೂರುವ ಹಾಲ್‌ಗೆ ಎಸಿ ಆಯ್ಕೆ ಮಾಡುವಾಗ ನಕ್ಷತ್ರ ಎಣಿಸಿ ನಿಲ್ಲಿಸಬೇಡಿ. ನಕ್ಷತ್ರ ಕೊಡುವ ಸರ್ಕಾರಿ ಸಂಸ್ಥೆ ಬಿಇಇಯ ಅಳತೆಗೋಲು ಆಗಾಗ ಬಿಗಿಯಾಗುತ್ತದೆ, ಕೆಲವು ವರ್ಷ ಹಿಂದಿನ ಐದು ನಕ್ಷತ್ರ ಇವತ್ತು ಮೂರಕ್ಕೆ ಸಮ ಆಗಿರಬಹುದು. ಲೇಬಲ್‌ನ ಅವಧಿ, ಐಎಸ್‌ಇಇಆರ್ ಅಂಕಿ (ತಿನ್ನುವ ಕರೆಂಟಿಗೆ ಎಷ್ಟು ತಂಪು ಕೊಡುತ್ತದೆ ಅನ್ನುವ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು), ವರ್ಷಕ್ಕೆ ಎಷ್ಟು ಯೂನಿಟ್ ಅನ್ನುವುದು, ಮೂರನ್ನೂ ನೋಡಿ. ಆ ಯೂನಿಟ್ ಲೆಕ್ಕ 1600 ಗಂಟೆಗೆ ಹಾಕಿದ್ದು. ನಿಮ್ಮ ಆಫೀಸಿನ ಗಂಟೆ ಎಷ್ಟೋ ಅದಕ್ಕೆ ತಕ್ಕಂತೆ ನೀವೇ ಗುಣಿಸಿ ನೋಡಬೇಕು.

ಇನ್ನೊಂದು ಮಾತು. ನಮ್ಮದು ಗಡಸು ನೀರು, ತಿಂಗಳೊಳಗೆ ಏರೇಟರ್ ಜಾಲರಿಗೆ ಬಿಳಿ ಉಪ್ಪು ಕಟ್ಟುತ್ತದೆ. ನೀರು ಸಣ್ಣಗಾದರೆ ಜನ ಅದನ್ನು ಬಿಚ್ಚಿ ಪಕ್ಕಕ್ಕೆ ಇಟ್ಟುಬಿಡ್ತಾರೆ, ನಾನೇ ಎರಡು ಸಲ ನೋಡಿದ್ದೇನೆ. ಅದಕ್ಕೇ ಪ್ರತಿ ತಿಂಗಳ ಮೊದಲ ಶನಿವಾರ ಎಲ್ಲವನ್ನೂ ಬಿಚ್ಚಿ, ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಳೆ ಬ್ರಷ್‌ನಿಂದ ಉಜ್ಜಿ ಹಾಕುತ್ತೇವೆ.