ಟ್ರ್ಯಾಕ್ಟರ್ ಟೈರಿಗೆ ನೀರು ತುಂಬಿಸೋ ಮುಂಚೆ ಹತ್ತು ಸುತ್ತು ಎಣಿಸಿ

ಜಗಳೂರು ಕಡೆಯ ಎರೆ ಹೊಲಕ್ಕೆ ಪಲ್ಟಿ ನೇಗಿಲು ಇಳಿಸಿದವರಿಗೆ ಇದು ಗೊತ್ತಿರುತ್ತೆ. ಎಂಜಿನ್‌ಗೆ ದಮ್ ಇರುತ್ತೆ, ಗಾಲಿಗೆ ಹಿಡಿತ ಇರಲ್ಲ. ದೊಡ್ಡ ಗಾಲಿ ಮಣ್ಣು ಕೆರೆಯುತ್ತಾ ಇದ್ದಲ್ಲೇ ತಿರುಗುತ್ತೆ, ಡೀಸೆಲ್ ಖಾಲಿಯಾಗುತ್ತೆ, ಟೈರು ಸವೆಯುತ್ತೆ, ಎಕರೆ ಮಾತ್ರ ಮುಗಿಯಲ್ಲ. ಪಕ್ಕದ ಹೊಲದವರು ಬದುವಿನ ಮೇಲೆ ನಿಂತು ಹೇಳೋ ಮಾತು ಒಂದೇ: ‘ಟೈರಿಗೆ ನೀರು ತುಂಬಿಸಿಬಿಡು.’

ಮಾತು ಸರಿಯೇ, ನೀರಿನ ಭಾರಕ್ಕೆ ಗಾಲಿಗೆ ಹಿಡಿತ ಬರುತ್ತೆ. ಆದರೆ ಎಲ್ಲ ಕೆಲಸಕ್ಕೂ ಅಲ್ಲ. ಮೊದಲು ಅಳೆಯಿರಿ.

ಅಳೆಯೋಕೆ ಬೇಕಾಗಿರೋದು ಸ್ವಲ್ಪ ಸುಣ್ಣ, ಎರಡು ಗೂಟ, ಒಂದು ಟೇಪು. ಹಿಂದಿನ ಟೈರಿನ ಬದಿಗೆ ಸುಣ್ಣದ ಗುರುತು ಹಾಕಿ. ನೇಗಿಲು ಎತ್ತಿಕೊಂಡು ಅದೇ ಹೊಲದಲ್ಲಿ, ಉಳುವ ಗೇರಿನಲ್ಲೇ, ಗಾಲಿ ಹತ್ತು ಸುತ್ತು ಸುತ್ತುವಷ್ಟು ಹೋಗಿ ದೂರ ಅಳೆಯಿರಿ. ಆಮೇಲೆ ನೇಗಿಲು ಇಳಿಸಿ ಮತ್ತೆ ಹತ್ತು ಸುತ್ತು. ಮೊದಲ ಸಲ 40 ಮೀಟರ್, ಎರಡನೇ ಸಲ 32 ಮೀಟರ್ ಬಂತು ಅಂದುಕೊಳ್ಳಿ. 8 ಮೀಟರ್ ಜಾರಿತು, ಅಂದರೆ ನೂರಕ್ಕೆ 20. ಹಿಂದಿನ ಗಾಲಿ ಮಾತ್ರ ಎಳೆಯುವ ಟ್ರ್ಯಾಕ್ಟರಿಗೆ ನೂರಕ್ಕೆ 10ರಿಂದ 15 ಜಾರಿದರೆ ಸರಿ. ಅದಕ್ಕಿಂತ ಜಾಸ್ತಿಯಾದರೆ ತೂಕ ಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ಈಗಿರೋ ತೂಕವೇ ಹೆಚ್ಚು, ಸುಮ್ನೆ ಮಣ್ಣು ತುಳಿದು ಗಟ್ಟಿ ಮಾಡುತ್ತಿದ್ದೀರಿ ಅಷ್ಟೇ.

ಟೇಪು ಇಲ್ವಾ? ಇಳಿದು ಗಾಲಿ ಹೋದ ಜಾಡು ನೋಡಿ. ಟೈರಿನ ಅಚ್ಚು ರೊಟ್ಟಿ ಮೇಲೆ ಒತ್ತಿದಷ್ಟು ಸ್ಪಷ್ಟವಾಗಿ ಮೂಡಿದ್ದರೆ ಭಾರ ಜಾಸ್ತಿ. ಎಲ್ಲಾ ಅಳಿಸಿ ಬರೀ ಪುಡಿ ಮಣ್ಣು ಉಳಿದಿದ್ದರೆ ಭಾರ ಸಾಲದು. ಅಂಚಿನಲ್ಲಿ ಅಚ್ಚು ಉಳಿದು, ನಡುವೆ ಮಣ್ಣು ಮುರಿದು ಜರುಗಿದ್ದರೆ ಅದೇ ಹದ. ನಾನು ಈಗ ಹೆಚ್ಚಾಗಿ ಇದನ್ನೇ ನೋಡೋದು.

ಬೇಕು ಅಂತ ಗೊತ್ತಾದ ಮೇಲೆ, ಟ್ರ್ಯಾಕ್ಟರನ್ನು ಗಟ್ಟಿ ನೆಲದಲ್ಲಿ ನಿಲ್ಲಿಸಿ. ವಾಲ್ವ್ ನೆತ್ತಿಗೆ ಬರಬೇಕು, ಇದೇ ಮುಖ್ಯ. ಬ್ರೇಕ್ ಹಾಕಿ, ಮುಂದಿನ ಗಾಲಿಗೆ ಕಲ್ಲು ಕೊಟ್ಟು, ಜಾಕ್ ಹಾಕಿ ಟೈರು ನೆಲ ಬಿಡುವಷ್ಟು ಮಾತ್ರ ಎತ್ತಿ, ಆಕ್ಸಲ್ ಕೆಳಗೆ ಮರದ ದಿಮ್ಮಿ ಕೊಡಿ. ಬರೀ ಜಾಕ್ ನಂಬಬೇಡಿ. ವಾಲ್ವ್ ಒಳಗಿನ ಪಿನ್ ಬಿಚ್ಚಿ ಗಾಳಿ ಪೂರ್ತಿ ಹೋಗಲಿ. ನೀರು ಒಳಗೆ, ಗಾಳಿ ಹೊರಗೆ ಹೋಗುವ ಸಣ್ಣ ಅಡಾಪ್ಟರ್ ಸಿಗುತ್ತೆ, ಅದನ್ನು ಕೂರಿಸಿ ಪೈಪ್ ಹಾಕಿ. ಅದಿಲ್ಲದಿದ್ದರೆ ಸ್ವಲ್ಪ ತುಂಬಿಸಿ, ಪೈಪ್ ತೆಗೆದು ಗಾಳಿ ಬಿಟ್ಟು, ಮತ್ತೆ ತುಂಬಿಸಬೇಕು. ಎರಡು ಸಲ ಟೀ ಕುಡಿಯುವಷ್ಟು ಹೊತ್ತು ಹಿಡಿಯುತ್ತೆ.

ನೀರು ವಾಲ್ವ್ ಮಟ್ಟಕ್ಕೆ ಬಂದು ಹೊರಗೆ ಚಿಮ್ಮಿದರೆ ಮುಕ್ಕಾಲು ಭಾಗ ತುಂಬಿತು ಅಂತ ಲೆಕ್ಕ. ಅಲ್ಲಿಗೆ ನಿಲ್ಲಿಸಿ. 13.6-28 ಅಳತೆಯ ಟೈರಿಗೆ ಸುಮಾರು 140-150 ಲೀಟರ್ ಹಿಡಿಯುತ್ತೆ. ಎರಡೂ ಕಡೆ ಸೇರಿ ಹತ್ತಿರ ಹತ್ತಿರ 300 ಕೆಜಿ, ಅಂದರೆ ಐವತ್ತು ಕೆಜಿಯ ಆರು ಚೀಲ. ಎರಡೂ ಗಾಲಿಗೆ ಒಂದೇ ಸಮ ಇರಲಿ. ಇನ್ನೂ ಜಾಗ ಇದೆ ಅಂತ ತುಂಬಾ ತುಂಬಿಸಬೇಡಿ. ಮೇಲಿನ ಗಾಳಿಯೇ ಟೈರಿಗೆ ಸ್ಪ್ರಿಂಗು, ಅದಿಲ್ಲದಿದ್ದರೆ ಕಲ್ಲು ಗುದ್ದಿದ ಪೆಟ್ಟು ಟ್ಯೂಬಿಗೂ ನಿಮ್ಮ ಸೊಂಟಕ್ಕೂ ಬೀಳುತ್ತೆ.

ಪಿನ್ ಹಾಕಿ, ಟ್ರ್ಯಾಕ್ಟರ್ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ ತುಂಬಿಸಿ. ಗಾಳಿ ನೋಡುವಾಗಲೂ ವಾಲ್ವ್ ಮೇಲೇ ಇರಬೇಕು. ನಾನೊಮ್ಮೆ ಅವಸರದಲ್ಲಿ ವಾಲ್ವ್ ಕೆಳಗಿದ್ದಾಗಲೇ ಮೀಟರ್ ಒತ್ತಿದೆ. ನೀರು ಮೀಟರಿನೊಳಗೆ ಹೋಯಿತು. ಆಮೇಲೆ ಅದರ ಮುಳ್ಳು ಅಲ್ಲಾಡಲೇ ಇಲ್ಲ.

ಹಿಂದೆ ಹಿಡಿತ ಬಂದ ಮೇಲೆ ಎಳೆತ ಜಾಸ್ತಿಯಾಗಿ ಮುಂದಿನ ಗಾಲಿ ಹಗುರಾಗಬಹುದು, ಸ್ಟೇರಿಂಗ್ ಮಾತು ಕೇಳಲ್ಲ. ಹಾಗಾದರೆ ಮುಂದೆ ಬಂಪರಿಗೆ ಕಬ್ಬಿಣದ ತೂಕ ಹಾಕಿಸಿ.

ವಿಡಿಯೋ ನೋಡಿ ನೀರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸೋಕೆ ಹೋಗಬೇಡಿ. ಅದು ಹಿಮ ಬೀಳುವ ದೇಶದವರು ನೀರು ಹೆಪ್ಪುಗಟ್ಟದಿರಲಿ ಅಂತ ಮಾಡೋದು, ಸೋರಿದರೆ ರಿಮ್ ತಿಂದುಹಾಕುತ್ತೆ. ದಾವಣಗೆರೆ ಚಳಿಗೆ ಬೋರಿನ ನೀರೇ ಸಾಕು, ಅಲ್ವಾ?

ರೋಟವೇಟರ್ ಹೊಡೆಯೋಕೆ ನೀರು ಬೇಕಿಲ್ಲ, ಅದರ ಬ್ಲೇಡುಗಳೇ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತವೆ. ಹರಿಹರ, ಹೊನ್ನಾಳಿ ಕಡೆ ನಾಲೆ ನೀರಿನ ಗದ್ದೆ ಕೆಸರು ಮಾಡುವಾಗಲಂತೂ ಬೇಡವೇ ಬೇಡ, ಭಾರಕ್ಕೆ ಹೂತುಕೊಳ್ಳುತ್ತೆ. ಚನ್ನಗಿರಿಯ ಅಡಿಕೆ ತೋಟದಲ್ಲಿ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರಾಡೋಕೆ ಕಷ್ಟ. ಟ್ರೇಲರ್ ಕಟ್ಟಿ ರೋಡಿನಲ್ಲಿ ಓಡಾಡೋರು ಆ ನೀರನ್ನು ಡೀಸೆಲ್ ಸುಟ್ಟು ಊರೂರು ಮೆರವಣಿಗೆ ಮಾಡಿಸಿದ ಹಾಗೆ.

ಅದಕ್ಕೇ ಉಳುಮೆ ಮುಗಿದ ಮೇಲೆ ಖಾಲಿ ಮಾಡಿ. ಮತ್ತೆ ಜಾಕ್, ದಿಮ್ಮಿ, ಆದರೆ ಈ ಸಲ ವಾಲ್ವ್ ಕೆಳಗೆ. ಪಿನ್ ಬಿಚ್ಚುವಾಗ ಮುಖ ಪಕ್ಕಕ್ಕಿರಲಿ. ನೀರಿರುವಾಗಲೇ ಪಂಕ್ಚರ್ ಆದರೆ ಒಬ್ಬರೇ ಗಾಲಿ ಬಿಚ್ಚಬೇಡಿ, ಮೇಲೆ ಬಿದ್ದರೆ ಎತ್ತೋಕೆ ಊರೇ ಬೇಕಾಗುತ್ತೆ. ಹೊರಬಂದ ನೀರು ರಬ್ಬರ್ ವಾಸನೆ ಹೊಡೆಯುತ್ತೆ, ದನಕ್ಕೆ ಇಡಬೇಡಿ.